ದುಭಾಷಿ

ಬಾಂಬೋಳಿ ದವಾಖಾನಿಯೊಳಗ ನನ್ನ ಹೆಸರು ಆಯಾ.
ಬೆಟಗೇರಿಯೊಳಗ ಎಸ್ತೇರವ್ವ.
ಬೆಡ್‌ಪ್ಯಾನ್ ತೊಳಿಯೂದು ಪಗಾರಿನ ಕೆಲಸ,
ಪಗಾರಿಲ್ಲದ್ದು ಇನ್ನೊಂದು:
ಡಾಕ್ಟರ ಕೊಂಕಣಿ ಈ ಕಿವಿಯೊಳಗ ತುಂಬಿಕೊಂಡು
ಕನ್ನಡ ಮಾಡಿ ಇನ್ನೊಬ್ಬರ ಕಿವಿಗೆ ಸುರುವೂದು.
ಹಾವೇರಿ, ಸವಣೂರು, ಬಾಗಲಕೋಟಿಯಿಂದ
ವೆರ್ಣಾದ ಫ್ಯಾಕ್ಟರಿಗೆ, ಬೈನಾದ ಮೀನಿಗೆ ಬಂದ ಮಂದಿ
ಸಲಾಯಿನ್ ಹಚ್ಚಿಕೊಂಡು ನನ್ನ ಬಾಯಿ ನೋಡತಾರ.

ಎಷ್ಟು ಹೇಳೀನಿ ನಾನು!
“ಕಾಲು ತಗೀಬೇಕಂತ.” ಹೇಳೀನಿ.
“ಕೂಸು ಉಳೀಲಿಲ್ಲಂತ.” ಹೇಳೀನಿ, ತಾಯಿಯ ಸೆರಗು ಸರಿಮಾಡಿ.
“ಮನೀಗೆ ಕರಕೊಂಡು ಹೋಗಬೇಕಂತ” –
ಅದರ ಅರ್ಥ ಏನು ಅಂದರ, ಅದನ್ನೂ.
ನಾಲಿಗಿ ಒಮ್ಮೆಯೂ ತಡವರಿಸಲಿಲ್ಲ.
‘ಅಂತ’ದ ಆಸರಿ ಇತ್ತು ಅದಕ್ಕ;
ಮಾತು ಅವರದು, ನಾ ಬರೇ ಕೊಳವಿ.

ನನ್ನ ಸ್ವಂತದ ಸುದ್ದಿ ಒಂದಿತ್ತು.
ಒಳ್ಳೇದಿತ್ತು. ಅದನ್ನ ಹೇಳಾಕ ಆಗಲಿಲ್ಲ
ಹನ್ನೊಂದು ವರ್ಷ.
ವಾಸ್ಕೋದ ನಮ್ಮ ಸಭೆಯೊಳಗ ಅಯ್ಯನವರು
“ಈ ವಾರ ಯಾರಿಗೆ ಹೇಳಿದ್ರಿ?” ಅಂತ ಕೇಳೂ ಹೊತ್ತಿಗೆ ಸರಿಯಾಗಿ
ನನ್ನ ಕರ್ಚೀಪು ಬೆಂಚಿನ ಬುಡಕ ಬೀಳತಿತ್ತು.

ಈ ನಾಡಾಗ ತಿರುವಿಗೊಂದು ಶಿಲುಬಿ,
ಸುಣ್ಣ ಬಳಕೊಂಡು, ಚೆಂಡುಹೂವಿನ ಮಾಲಿ ಹಾಕ್ಕೊಂಡು ನಿಂತಾವ.
ಅವಕ್ಕೇನು, ಬಾಯಿಲ್ಲ;
ಗುತ್ತಿಗಿ ನೌಕರಿ ಇಲ್ಲ, ಮೊಬೈಲ್ ಎತ್ತಿ ಹಿಡಿಯೋ ಹುಡುಗರಿಲ್ಲ,
“ಜಾತಿ ಕೆಡಸಾಕ ಬಂದಾಳ” ಅನ್ನೋ ಅತ್ತಿಯಂದಿರಿಲ್ಲ.
ಅದಕ್ಕಿಂತ ದೊಡ್ಡ ಅಂಜಿಕಿ ಬ್ಯಾರೇನ ಇತ್ತು:
ಏಳಲಾರದವನ ಮುಂದ ದೇವರ ಹೆಸರು ತಗದರ
ಗಾಯದ ಮುಂದ ಅಂಗಡಿ ತಗದಂಗ ಆಗತೈತೇನೋ.

ಆಗ ಬಂದ ಮೌನೇಶ ಬಡಿಗೇರ, ಬೆಡ್ ಹದಿನೇಳು,
ಬಲಗೈಯ ಮೂರು ಬೆರಳು ರಂದಾ ಮಷೀನಿಗೆ ಕೊಟ್ಟು.
ರಾತ್ರಿ ನಿದ್ದಿ ಇಲ್ಲ. ನನ್ನ ಸ್ಟೂಲು ಕಟಕಟ ಅಲ್ಲಾಡೂದು ಕೇಳಿ
“ಅದರ ಒಂದು ಕಾಲು ಗಿಡ್ಡ ಐತವ್ವಾ” ಅಂದ ಕತ್ತಲೊಳಗ.
ಆಮ್ಯಾಲೆ, “ಕೈ ಹ್ವಾದ ಬಡಿಗ್ಯಾಗ ಯಾವ ದೇವರು?”

ಡಾಕ್ಟರು ಇರಲಿಲ್ಲ. ಕನ್ನಡ ಮಾಡಾಕ ಯಾರ ಮಾತೂ ಇರಲಿಲ್ಲ.
ಎದಿ ಸಲಾಯಿನ್ ಹನಿಗಿಂತ ಜೋರು.
“ನಾ ನಂಬಿದಾತನೂ ಬಡಿಗ್ಯಾನ” ಅಂದುಬಿಟ್ಟೆ.
“ಹೌದಾ? ಏನೇನು ಮಾಡತಿದ್ದ?”
ನನಗೆಲ್ಲಿ ಗೊತ್ತು. ನೊಗ, ಬಾಗಿಲ, ಕೂರಿಗಿ ಇರಬೇಕು ಅಂದೆ.
“ಕೂಲಿ ಸರಿಯಾಗಿ ಕೊಟ್ಟರೇನು?”
“ಇಲ್ಲ. ಕಡೀಕ ಕಟಗೀನ ಹೆಗಲ ಮ್ಯಾಲ ಹೊರಿಸಿದರು.
ಕೈಗೆ ಮೊಳಿ ಹೊಡದರು.”
ಅವ ತನ್ನ ಬ್ಯಾಂಡೇಜು ಎದಿ ಮ್ಯಾಲ ತಂದಿಟ್ಟುಕೊಂಡ.
“ಯಾವ ಕೈಗೆ?”
“ಎರಡಕ್ಕೂ.”
ಬಾಳ ಹೊತ್ತು ಫ್ಯಾನು ಒಂದೇ ಮಾತಾಡಿತು.

“ನಿನಗ ಇದನ್ನೆಲ್ಲಾ ಯಾರು ಹೇಳಿದರು?”
ಅವ್ವ ಹೇಳಿದ್ದು, ಅಯ್ಯನವರು ಓದಿದ್ದು ಅನ್ನಬಹುದಿತ್ತು,
‘ಅಂತ’ ಹಚ್ಚಿ ಮುಗಿಸಬಹುದಿತ್ತು.
“ನನ್ನ ಗಂಡ ಬಾರ್ಜಿನಿಂದ ಬಿದ್ದು ತೀರಿಕೊಂಡ ವರ್ಷ
ಜುವಾರಿ ಸೇತುವಿ ಮ್ಯಾಲ ನಿಂತಿದ್ದೆ, ಒಬ್ಬಾಕಿ.
ಹಿಂದಿಂದ ಯಾರೂ ಕರೀಲಿಲ್ಲ. ಖರೇನ ಯಾರೂ ಇರಲಿಲ್ಲ.
ಆದರೂ ಒಬ್ಬಾಕಿ ಇರಲಿಲ್ಲ ನಾನು. ತಿರುಗಿ ಬಂದೆ.
ಅಷ್ಟ ನನಗ ಗೊತ್ತಿರೂದು.”
‘ಅಂತ’ ಇಲ್ಲದ ಮಾತು. ನಾಲಿಗಿ ಮ್ಯಾಲ ಬಿಸಿ ಇತ್ತು.

ಅವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.
“ಆ ಬಡಿಗ್ಯಾಗ ಮೋಸ ಮಾಡ್ಯಾರ” ಅಂದ, ಮಗ್ಗಲಾದ.

ಶುಕ್ರವಾರ ಡಿಸ್ಚಾರ್ಜು.
ಸಿರಸಂಗಿ ಕಾಳಮ್ಮನ ಕುಂಕುಮ ಹಣಿಗೆ ಹಚ್ಚಿಕೊಂಡು
ಹಾನಗಲ್ಲಿನ ಬಸ್ಸಿಗೆ ಹೋದ. ನಾ ಬರೇ
ಗುಳಿಗಿ ಚೀಟಿ ಓದಿ ಹೇಳಿದೆ: ಊಟಾದ ಮ್ಯಾಲ ಎರಡಂತ.

ರಾತ್ರಿ ಕೂತಾಗ ನೋಡತೀನಿ, ಸ್ಟೂಲಿನ ಗಿಡ್ಡ ಕಾಲಿಗೆ
ಐಸ್‌ಕ್ರೀಮಿನ ಕಡ್ಡಿ ಸೀಳಿ ಬೆಣಿ ಬಡದಾನ –
ಎಡಗೈಲೆ ಬಡದಿರಬೇಕು, ಸೊಟ್ಟ ಐತಿ.
ಸ್ಟೂಲು ಅಲ್ಲಾಡೂದು ನಿಂತೈತಿ.
ನಂದು ಇನ್ನೂ ಸ್ವಲ್ಪ ಐತಿ.